ತವರಿನ ತೊಟ್ಟಿಲಿಗೆ ಸುಂಕ

ನನಗೆ ಅನುಮಾನದ ಕಾಯಿಲೆ ಎಂದು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಸಂಬಳ ತೆಗೆದುಕೊಂಡು ಅನುಮಾನಪಟ್ಟವನಿಗೆ ಆ ಚಾಳಿ ಬಿಡುವುದು ಸುಲಭವೇ? ನಿಜಾಮರ ಕಾಲದಲ್ಲಿ ಕರಜಗಿಯ ಹತ್ತಿರ ಗಡಿಯ ಕರೋಡಗಿರಿ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ನಾನು ಗುಮಾಸ್ತನಾಗಿದ್ದೆ. ಸೊಲ್ಲಾಪುರದ ಕಡೆಯಿಂದ ಬರುವ ಕಟ್ಟಿಗೆ ಸಾಮಾನು ನನ್ನ ಪಾಲಿಗೆ ಬಂದಿತ್ತು. ಹೊಸದಾದರೆ ಸುಂಕ, ಮನೆಯಲ್ಲಿ ಬಳಸಿದ್ದಾದರೆ ಮಾಫಿ. ಹೀಗಾಗಿ ನಮ್ಮ ನಾಕಾಕ್ಕೆ ಹೊಸ ಸಾಮಾನು ಬಂದದ್ದೇ ಇಲ್ಲ. ಲಟ್ಟಣಿಗೆಗೆ ಹಿಟ್ಟು ಮೆತ್ತಿರುತ್ತಿತ್ತು, ಮಣೆಗೆ ಅರಿಸಿನ ಬಳಿದಿರುತ್ತಿತ್ತು. ಒಮ್ಮೆ ಒಬ್ಬ ವ್ಯಾಪಾರಿ ಹೊಸ ಮಂಚದ ಮೇಲೆ ಮುದುಕನೊಬ್ಬನನ್ನು ಮಲಗಿಸಿ ನರಳಿಸುತ್ತ ಬಂದ. ಸುಂಕ ಕಟ್ಟಿಸಿಕೊಂಡ ಮೇಲೆ ಮುದುಕ ಎದ್ದು ಬೀಡಿ ಕೇಳಿದ.

ತೊಟ್ಟಿಲುಗಳದ್ದು ಇನ್ನೂ ಪೇಚು. ಯಾರದೋ ಕೂಸನ್ನು ಹಾಕಿಕೊಂಡು ಬಂದು ಹಳೆಯದು ಎನ್ನುತ್ತಿದ್ದರು. ಅದಕ್ಕೆ ನಾನೊಂದು ಪರೀಕ್ಷೆ ಕಂಡುಹಿಡಿದೆ. ಕೂಸನ್ನು ಎತ್ತಿ, ಅಪ್ಪನೆಂದು ಹೇಳಿಕೊಂಡವನ ಕೈಯಿಂದಲೇ ಮತ್ತೆ ತೊಟ್ಟಿಲಿಗೆ ಹಾಕಿಸಬೇಕು. ಸುಮ್ಮನಿದ್ದರೆ ಹಳೆಯದು, ಚೀರಿದರೆ ಹೊಸದು. ನಾಕಾದ ಮೇಲಧಿಕಾರಿ ಅಮೀನ ಸಾಹೇಬರು ಮೆಚ್ಚಿ ಬೆನ್ನು ತಟ್ಟಿದರು. ಆಗ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಗಡಿಯಾಚೆ, ಸೊಲ್ಲಾಪುರದ ಕಡೆಯ ತವರಿಗೆ ಹೋಗಿದ್ದಳು. ನಾಮಕರಣದ ದಿನ ಹೆಂಗಸರ ಗುಂಪಿನ ಹಿಂದಿನಿಂದ ಮಗನ ಮುಖ ಇಣುಕಿ ನೋಡಿ ಬಂದದ್ದಷ್ಟೇ ನನ್ನ ಅಪ್ಪತನ.

ಐದನೆಯ ತಿಂಗಳಲ್ಲಿ ಅತ್ತೆಯವರು ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟರು. ನಮ್ಮಲ್ಲಿ ಕೂಸು ಗಂಡನ ಮನೆಯ ಹೊಸ್ತಿಲು ದಾಟುವುದು ತವರಿನ ತೊಟ್ಟಿಲಲ್ಲೇ. ಬರಿಗೈಯಲ್ಲಿ ಕಳಿಸಿದರೆಂದು ಯಾರೂ ಅನ್ನಬಾರದಲ್ಲ, ಅದಕ್ಕೆ ಅತ್ತೆಯವರು ಆ ತೊಟ್ಟಿಲಿಗೆ ಹಸಿರು ಕೆಂಪು ಬಣ್ಣ ಹೊಡೆಸಿ ಕಾಲಿಗೆಲ್ಲ ಹೊಳಪು ಕೊಡಿಸಿದ್ದರು. ಬಂಡಿ ನಾಕಾದ ಮುಂದೆ ನಿಂತಾಗ ಅದು ಥಳಥಳ ಹೊಳೆಯುತ್ತಿತ್ತು. ಹೆಂಡತಿ ಬಂದ ಸಂತೋಷಕ್ಕಿಂತ ಮೊದಲು, ದೇವರಾಣೆ, ನನಗೆ ಬಂದದ್ದು ಅನುಮಾನ.

ಅಮೀನ ಸಾಹೇಬರು ತೊಟ್ಟಿಲನ್ನು ಒಂದು ಸುತ್ತು ಬಂದು ನನ್ನತ್ತ ನೋಡಿದರು. ಗುಮಾಸ್ತನ ಮನೆಯದೆಂದು ಬಿಟ್ಟರೆ ನಾಳೆ ಊರೆಲ್ಲ ಬಾಯಿ ಮಾಡುತ್ತದೆ, ನಿನ್ನ ಪರೀಕ್ಷೆಯೇ ಆಗಲಿ ಎಂದರು. ಸುಂಕ ಕಟ್ಟಿಯೇ ಬಿಡುತ್ತೇನೆಂದು ನಾನು ಗೊಣಗಿದ್ದು ಹೆಂಡತಿಗೆ ಕೇಳಿಸಿತು.

"ನಮ್ಮವ್ವ ಕೊಟ್ಟಿದ್ದಕ್ಕ ನೀವು ಸುಂಕ ಕಟ್ಟತೀರೇನ್ರಿ? ಕಟ್ರಿ. ಬಂಡಿ ತಿರುಗಸ್ತೇನಿ," ಎಂದಳು.

ತಿರುಗಿಸುವ ಹೆಣ್ಣೇ ಅದು. ಒಂಟಿ ಅಡುಗೆ ಮಾಡಿಕೊಂಡು ನಾನಾಗಲೇ ಸೊರಗಿ ಅರ್ಧವಾಗಿದ್ದೆ. ಮಗನನ್ನು ಎತ್ತಿಕೊಂಡೆ. ಅವನು ನನ್ನ ಮೀಸೆ ನೋಡಿದ, ಪೇಟ ನೋಡಿದ. ತೊಟ್ಟಿಲಿಗೆ ಬಗ್ಗುವಷ್ಟರಲ್ಲಿ ಭೀಮಾ ನದಿಯ ಆಚೆ ದಂಡೆಗೂ ಕೇಳುವಂತೆ ಚೀರಿದ. ಅಮೀನರು ನಿಟ್ಟುಸಿರು ಬಿಟ್ಟು, ಹೊಸದು ಎಂದು ಬರೆಯಲು ದೌತಿಗೆ ಲೇಖನಿ ಅದ್ದಿದರು.

ಅಳಿಯನ ಎದುರು ಎಂದೂ ಬಾಯಿ ಬಿಡದ ಅತ್ತೆಯವರು ಆಗ ಸೆರಗು ಎಳೆದುಕೊಂಡು ಬಂಡಿಯಿಂದಿಳಿದು ಕೂಸನ್ನು ಇಸಿದುಕೊಂಡು ತೊಟ್ಟಿಲಿಗೆ ಹಾಕಿದರು. ಅದು ತಕ್ಷಣ ಸುಮ್ಮನಾಗಿ ಹೆಬ್ಬೆರಳು ಚೀಪತೊಡಗಿತು.

"ತೊಟ್ಟಿಲ ಹಳೇದರಿ ಸಾಹೇಬ್ರ," ಅಂದರು ಅತ್ತೆಯವರು. "ಕೂಸಿಗಿ ಅಪ್ಪಾರೇ ಹೊಸಬ್ರು."

ಅಮೀನರು ನಗು ತಡೆಯಲಾರದೆ ಬಂಡಿ ಬಿಡಿಸಿದರು. ಸಿಪಾಯಿಗಳ ನಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಬಂಡಿಯ ಹಿಂದೆ ನಡೆದೆ. ದಾರಿಯುದ್ದಕ್ಕೂ ಮಗ ತೊಟ್ಟಿಲ ಅಂಚಿನಿಂದ ಒಂದು ಹುಬ್ಬು ಏರಿಸಿ, ಇವನು ಏನನ್ನೋ ಬಚ್ಚಿಟ್ಟು ಸಾಗಿಸುತ್ತಿದ್ದಾನೆ ಎಂಬಂತೆ ನನ್ನನ್ನೇ ದಿಟ್ಟಿಸುತ್ತಿದ್ದ. ಅವನು ನನ್ನ ಮಗನೇ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಾಗಲಿಲ್ಲ.