ಮಾವ ಮೆಚ್ಚಿದ ಜೋಡಿಹಾಡು

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕು ಸೇರಿಸಿ ಹುಡುಕಿದರೂ ಯುರೋಪಿನ ಸಂಗೀತ ನಾಟಕ ಬಲ್ಲ ಪಂಡಿತ ಒಬ್ಬನೇ. ಅವನು ಅಕ್ಕಿಆಲೂರಿನಲ್ಲಿರುವ ನನ್ನ ಸೋದರಮಾವ. ನಗಬೇಡಿ! ಎದುರಾಳಿಯೇ ಇಲ್ಲದ ಕಡೆ ಪಂಡಿತನಾಗುವುದು ಅಷ್ಟೇನೂ ಕಷ್ಟವಲ್ಲ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಹಾನಗಲ್ಲಿನಲ್ಲಿ ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತನಾದ ನಾನು ಹಾರ್ಮೋನಿಯಂ ಕಲಿತದ್ದು ಬರೀ ಮೂರು ತಿಂಗಳು. ನಾಲ್ಕನೆಯ ತಿಂಗಳು ಗುರುಗಳೇ ನನಗೆ ಹೇಳದೆ ಮನೆ ಬದಲಾಯಿಸಿಬಿಟ್ಟರು. ಆದರೂ ನಮ್ಮೂರಲ್ಲಿ ಯಾರೇ ಹಾಡಲಿ, ಕಡೆಯಲ್ಲಿ ಎರಡು ಮಾತಾಡುವವನು ನಾನೇ!

ಮಾವ ಮಾತ್ರ ಸಂಗೀತ ಕಲಿತವನಲ್ಲ. ನಲವತ್ತು ವರ್ಷ ಅಕ್ಕಿ ಗಿರಣಿಗಳಲ್ಲಿ ಯಂತ್ರ ರಿಪೇರಿ ಮಾಡಿದವನು. ಸುತ್ತಲಿನ ಯಾವ ಗಿರಣಿ ಕೆಟ್ಟರೂ ಇವತ್ತಿಗೂ ಅವನಿಗೇ ಕರೆ. ಹೋಗಿ ಯಂತ್ರದ ಮೈಮೇಲೆ ಅಂಗೈ ಇಟ್ಟು, ದೇವರಿಗೆ ಕೈಮುಗಿದವನಂತೆ ಕಣ್ಣು ಮುಚ್ಚಿ, "ಒಳಗಿನ ಬೇರಿಂಗ್ ಹೋಗೇತಿ, ಬಿಚ್ರಿ" ಅನ್ನುತ್ತಾನೆ. ಬಿಚ್ಚಿದರೆ ಅದೇ ಹೋಗಿರುತ್ತದೆ.

ಇಂಥವನ ಮನೆಗೆ ಹೊಸ ಟಿವಿ ಬಂತು. ನನ್ನ ಮಗಳು ಅದಕ್ಕೆ ಯೂಟ್ಯೂಬ್ ಜೋಡಿಸಿಕೊಟ್ಟಳು. ಮಾವ ರಿಮೋಟಿನ ಯಾವ ಗುಂಡಿ ಒತ್ತಿದನೋ, ಯಾವುದೋ ದೇಶದ ಟಿವಿಯವರು ಯಾವುದೋ ಕಾಲದಲ್ಲಿ ತೋರಿಸಿದ ಕಪ್ಪು-ಬಿಳುಪು ಸಂಗೀತ ನಾಟಕವೊಂದರ ಜೋಡಿಹಾಡು ತೆರೆದುಕೊಂಡಿತು. ಆಪೆರೆಟಾ ಅಂತಾರೆ, ಹಾಡಿನಲ್ಲೇ ನಡೆಯುವ ನಗೆನಾಟಕ. ದಪ್ಪ ಮೀಸೆಯ ದಢೂತಿ ಸೇನಾಧಿಕಾರಿ ಒಬ್ಬ, ಬಳ್ಳಿಯಂಥ ಹೆಂಗಸು ಒಬ್ಬಳು. ಅವನು ಕುರ್ಚಿ ತಂದಿಟ್ಟರೆ ಆಕೆ ಕೂಡ್ರುವುದಿಲ್ಲ. ಅವನು ಕೂಡ್ರಲು ಹೋದರೆ ಆಕೆ ಕುರ್ಚಿ ಎಳೆಯುತ್ತಾಳೆ. ಇಬ್ಬರೂ ಒಂದೇ ಸಲಕ್ಕೆ ಹಾಡುತ್ತಾರೆ. ನಡುವೆ ಆಕೆ ತನ್ನ ಕೈಗವಸು ಬಿಚ್ಚಿ ಅವನ ಮುಖಕ್ಕೆ ಎಸೆಯುತ್ತಾಳೆ. ಏಳು ನಿಮಿಷ. ಅವತ್ತಿನಿಂದ ಮುಂಜಾನೆ ಚಹಾದ ಜೊತೆ ಒಮ್ಮೆ, ಸಂಜೆ ಚಹಾದ ಜೊತೆ ಒಮ್ಮೆ, ಮಾವನಿಗೆ ಅದು ಬೇಕೇ ಬೇಕು!

ಸುದ್ದಿ ತಿಳಿದು ನಾನು ಅಕ್ಕಿಆಲೂರಿಗೆ ಓಡಿದೆ. ನನ್ನಂಥವನು ಅರ್ಥ ಹೇಳದಿದ್ದರೆ ಪಾಪ, ಅವನಿಗೆ ಹೇಗೆ ತಿಳಿದೀತು? ಬಾಗಿಲಲ್ಲೇ ಟಿವಿಯ ಅಬ್ಬರಕ್ಕೆ ನನ್ನ ಕನ್ನಡಕ ನಡುಗಿತು. ಕಿವಿ ಮುಚ್ಚಿಕೊಂಡೆ. ಮಾವ ನೋಡಿ ದನಿ ಇಳಿಸಿದ. ಎಷ್ಟು ಇಳಿಸಿದನೆಂದರೆ ಏನೇನೂ ಕೇಳದಷ್ಟು! ಇರಲಿ, ವಿದ್ವಾಂಸನಿಗೆ ಕೇಳಲೇಬೇಕೆಂದೇನಿದೆ?

"ಇದು ಜರ್ಮನ್ ಭಾಷಾ ಮಾವ," ಎಂದೆ. "ಆಕಿ ಭಾಳ ಸಿಟ್ಟಾಗ್ಯಾಳ. ಇನ್ನೊಮ್ಮೆ ಮಾರಿ ತೋರಸಬ್ಯಾಡ ಅಂತ ಕೈಗವಸು ಒಗದಾಳ."

ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದವನು ಕನಿಕರದಿಂದ ತಲೆಯಾಡಿಸಿದ. "ಮಾಸ್ತರ್, ಲಗ್ನಾಗಿ ಇಷ್ಟು ವರ್ಷಾದರೂ ನಿನಗ ತಿಳೀಲಿಲ್ಲಲ್ಲೋ! ಎಷ್ಟು ಕೈಗವಸು ಒಗದ್ಲು?"

"ಒಂದು."

"ಕೈ ಎಷ್ಟದಾವು? ಸಿಟ್ಟು ಖರೇ ಇದ್ರ ಎರಡೂ ಒಗೀತಿದ್ಲು. ಇನ್ನೊಂದು ತನ್ನ ಕಡೆ ಇಟ್ಕೊಂಡಾಳ. ಜೋಡಿ ಮಾಡಾಕ ಅವ ತಿರುಗಿ ಬರಬೇಕು, ಹೌದಲ್ಲೋ?"

ಮನೆಗೆ ಬಂದು ಮಗಳಿಗೆ ಫೋನು ಮಾಡಿದರೆ, ಆ ಭಾಷೆ ಜರ್ಮನ್ನೇ ಅಲ್ಲ, ಹಂಗೇರಿಯನ್ ಅಂತೆ! ವಿಡಿಯೊದ ಕೆಳಗೆ ಇಂಗ್ಲಿಷಿನಲ್ಲಿ ಹಾಡಿನ ಸಾರವನ್ನೂ ಬರೆದಿದ್ದರು. ಆಕೆಗೆ ಸಿಟ್ಟಿಲ್ಲ, ಅವನು ನಾಳೆ ಮತ್ತೆ ಬರಲೆಂದು ನೆಪ ಹುಡುಕುತ್ತಿದ್ದಾಳೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೀಟು ಹಾಕಿದವನು ನಾನು. ಆ ದಿನ ಯಾರಾದರೂ ನನ್ನ ಹಣೆಗೇ ಒಂದು ಗೀಟು ಹಾಕಿದ್ದರೆ ಅಡ್ಡಿಯಿರಲಿಲ್ಲ.

ಆದರೆ ಸೋತ ಪಂಡಿತ ಸುಮ್ಮನಿರುತ್ತಾನೆಯೆ? ಹಾನಗಲ್ಲಿನಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಮ್ಮೆ ನಡೆಸುವ ರಸಗ್ರಹಣ ಕಾರ್ಯಕ್ರಮಕ್ಕೆ ಅದೇ ಜೋಡಿಹಾಡನ್ನು ಇಟ್ಟುಕೊಂಡೆ. ದೊಡ್ಡ ಪರದೆ ತರಿಸಿದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಹದಿನಾಲ್ಕು ಪುಟದ ಭಾಷಣ ಸಿದ್ಧವಾಯಿತು. ಕೈಗವಸಿನ ವಿಚಾರವನ್ನು ನನ್ನದೇ ಸಂಶೋಧನೆ ಎಂಬಂತೆ ಒಂಬತ್ತನೆಯ ಪುಟದಲ್ಲಿ ಸೇರಿಸಿದ್ದೆ. ಸವಣೂರಿನಿಂದ ವೀಳ್ಯದೆಲೆ ವ್ಯಾಪಾರಿ ಗೆಳೆಯನೂ ಬಂದ. ಗಜಲ್ ಕೇಳಿ ಕೇಳಿ ಪಳಗಿದವನು, ಫ್ಯಾನು ತಿರುಗಿದರೂ "ವಾಹ್" ಅನ್ನುವ ಉದಾರಿ! ಮೊದಲ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಮಾವ ಕೂತಿದ್ದ.

ನಲವತ್ತು ನಿಮಿಷ ಮಾತಾಡಿದೆ. ಹಿಂದಿನ ಸಾಲಿನ ಇಬ್ಬರು ನಿದ್ದೆಯ ರಸಗ್ರಹಣ ಮಾಡಿದರು. ಕೊನೆಗೆ "ಈಗ ಆ ದಿವ್ಯ ಕಂಠಗಳನ್ನು ಕೇಳೋಣ" ಎಂದು ಗುಂಡಿ ಒತ್ತಿದೆ. ಚಿತ್ರ ಬಂತು. ದನಿ ಬರಲಿಲ್ಲ! ಸ್ಪೀಕರಿಗೆ ಜೋಡಿಸಬೇಕಾದ ವೈರನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆ. ಪರದೆಯ ಮೇಲೆ ಇಬ್ಬರು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ನಾನು ಗುಂಡಿ ಒತ್ತುತ್ತೇನೆ, ಬೆವರುತ್ತೇನೆ. ಸಭೆಯಲ್ಲಿ ಗುಸುಗುಸು. ಅಷ್ಟರಲ್ಲಿ ಮೊದಲ ಸಾಲಿನಿಂದ ಹೋ ಎಂದು ನಗೆ. ಮಾವ! ಕುರ್ಚಿ ಎಳೆದಾಗ ನಕ್ಕ. ಕೈಗವಸು ಹಾರಿದಾಗ ತೊಡೆ ತಟ್ಟಿದ. ಏಳು ನಿಮಿಷವೂ ಒಬ್ಬನೇ ನಕ್ಕು, ಕಡೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ ಸಭೆಗೆ ಕೇಳುವಂತೆ ಹೇಳಿದ, "ಏನ್ ಹಾಡಿದ್ರಪಾ! ಇವತ್ತಿನಷ್ಟು ಛಲೋ ಎಂದೂ ಹಾಡಿದ್ದಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಸವಣೂರಿನ ಗೆಳೆಯ ನನ್ನ ಹೆಗಲು ತಟ್ಟಿ, "ಮಾಸ್ತರ್, ನಿಮ್ಮ ಮಾವ ಮಜಾ ಅದಾರ ನೋಡ್ರಿ! ಭಾಷಣಾನೂ ಸಪ್ಪಳಿಲ್ದಂಗ ಮಾಡಿದ್ರ ಇನ್ನೂ ಛಲೋ ಆಗ್ತಿತ್ತು" ಎಂದ.

ನನಗೆ ಉರಿದುಹೋಯಿತು. ತುಂಬಿದ ಸಭೆಯಲ್ಲಿ ಸೋದರಳಿಯನ ಮಾನ ಕಳೆಯುವುದೆ? ಮೂರು ದಿನ ಬೈಗುಳ ಕೂಡಿಸಿದೆ. ಇನ್ನು ಮೇಲೆ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಲಿಕ್ಕೆಂದೇ, ಅವರ ಮನೆಯ ಹೊಸ್ತಿಲು ತುಳಿಯಲು, ಅಕ್ಕಿಆಲೂರಿನ ಬಸ್ಸು ಹತ್ತಿದೆ.

ಮಾವ ಜಗಲಿಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂತು ಯಾವುದೋ ನಟ್ಟಿಗೆ ಎಣ್ಣೆ ಹಾಕುತ್ತಿದ್ದ. ನಾನು ಹಿಂದಿನಿಂದಲೇ ಶುರುಮಾಡಿದೆ. "ನಿನಗ ನಾಚಿಕಿ ಐತೇನು ಮಾವ? ನಾಲ್ಕು ಮಂದಿ ಮುಂದ ನನ್ನ ಮರ್ಯಾದಿ ತಗೀತಿಯಾ?" ಅವನು ತಿರುಗಲಿಲ್ಲ. ದನಿ ಏರಿಸಿದೆ. ಎದುರು ಮನೆಯವರು ಇಣುಕಿದರು, ಕಟ್ಟೆಯ ಮೇಲಿದ್ದ ಬೆಕ್ಕು ಎದ್ದು ಹೋಯಿತು. ಮಾವ ನಿಧಾನವಾಗಿ ಇನ್ನೊಂದು ಹನಿ ಎಣ್ಣೆ ಹಾಕಿದ.

ಒಳಗಿನಿಂದ ಮಾವನ ಹೆಂಡತಿ, ನಮ್ಮ ಅತ್ತಿ, ಬಂದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಒದರಬ್ಯಾಡಪಾ. ಎದುರಿಗೆ ಹೋಗಿ ನಿಂತು ಮಾತಾಡು. ಅವರಿಗೆ ಕೇಳಂಗಿಲ್ಲ."

"ಯಾವಾಗಿಂದ?"

"ನಾಕು ವರ್ಷಾತು. ಗಿರಣಿ ಸಪ್ಪಳ ಕಿವೀನ ತಿಂದು ಹಾಕೇತಿ. ಗೊತ್ತಾದ್ರ ಕೆಲಸಕ್ಕ ಯಾರೂ ಕರಿಯಂಗಿಲ್ಲ ಅಂತ ಯಾರಿಗೂ ಹೇಳಗೊಟ್ಟಿಲ್ಲ. ಬಾಯಿ ನೋಡಿ ತಿಳ್ಕೋತಾರ. ಮಷಿನಿಗೆ ಕೈ ಹಚ್ಚಿ ತಿಳ್ಕೋತಾರ. ಆ ಹಾಡಿನಾಗ ಮಾರಿ ನೋಡಿದ್ರ ಎಲ್ಲಾ ತಿಳೀತೈತಿ, ಅದಕ್ಕ ಅದೊಂದ ನೋಡ್ತಾರ."

ನಾಲ್ಕು ವರ್ಷದಲ್ಲಿ ನೂರು ಸಲ ಬಂದಿದ್ದೇನೆ, ಗಂಟೆಗಟ್ಟಲೆ ಮಾತಾಡಿದ್ದೇನೆ. ಎದುರಿಗಿದ್ದವನಿಗೆ ಕೇಳುತ್ತಿದೆಯೋ ಇಲ್ಲವೋ ಎಂದು ನೋಡುವಷ್ಟು ಹೊತ್ತೂ ನಾನು ಬಾಯಿ ಮುಚ್ಚಿರಲಿಲ್ಲ.

ಮಾವ ತಿರುಗಿದ. ಅತ್ತಿಯ ಮುಖ ನೋಡಿದ, ನನ್ನ ಮುಖ ನೋಡಿದ. ಏನೂ ಹೇಳಬೇಕಾಗಲಿಲ್ಲ. ಎಣ್ಣೆಯ ಕೈ ಒರೆಸಿಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಆಮೇಲೆ ಕೇಳಿದ, "ಮಾಸ್ತರ್, ನೀ ಕೇಳೀಯಲ್ಲ, ಆ ಹೆಣ್ಮಗಳ ದನಿ ಹೆಂಗೈತೋ?"

ಹದಿನಾಲ್ಕು ಪುಟದಲ್ಲಿ ಒಂದು ಶಬ್ದವೂ ಉಪಯೋಗಕ್ಕೆ ಬರಲಿಲ್ಲ. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತುಟಿ ಬಿಡಿಸಿ ಹೇಳಿದೆ, "ಅತ್ತಿ ದನಿ ಇದ್ದಂಗ ಐತಿ ಮಾವ. ವಯಸ್ಸಿನಾಗಿದ್ದಾಗ ಬುತ್ತಿ ತಂದು, ಗಿರಣಿ ಬಾಗಿಲದಾಗ ನಿಂತು ನಿನ್ನ ಕರೀತಿದ್ರಲ್ಲ, ಹಂಗ."

ಮಾವ ಅತ್ತಿಯ ಕಡೆ ತಿರುಗಿದ. "ಹಂಗಾದ್ರ ಭಾಳ ಛಲೋ ಐತಿ ಬಿಡು" ಎಂದ.

ಅತ್ತಿ ಸೆರಗನ್ನು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದರು. ಅವನಿಗೆ ತುಟಿ ಕಾಣದಂತೆ ಮೆಲ್ಲಗೆ ಅಂದರು, "ಕಿವಿ ಇದ್ದಾಗ ಒಂದಿನಾನೂ ಹಿಂಗ ಅನ್ಲಿಲ್ಲ ನೋಡು."

"ಏನಂದ್ಲೋ?" ಎಂದು ಮಾವ ನನ್ನ ಮೊಣಕಾಲು ಅಲುಗಿಸಿದ.

ನಾನು ಅವನ ಮುಖಕ್ಕೆ ಮುಖ ಕೊಟ್ಟು, ಅತ್ತಿಯ ಮಾತನ್ನು ಒಂದೊಂದೇ ಶಬ್ದವಾಗಿ, ಅವಸರ ಮಾಡದೆ ಹೇಳಿದೆ.