ಹಿಂದಿನ ಚಕ್ರ ಮತ್ತು ಕೋಡುಬಳೆ ಎಣ್ಣೆ

ಹಳೇ ಗಾಡಿ ಇಟ್ಟುಕೊಂಡವರಿಗೆ ಬರಬರುತ್ತಾ ಒಂದು ಬಗೆಯ ಕಿವುಡು ಅಂಟಿಕೊಳ್ಳುತ್ತದೆ. ಡಾಕ್ಟರ ಹತ್ತಿರ ಹೋದರೆ ಕಿವಿ ಚೆನ್ನಾಗಿಯೇ ಇದೆ ಅನ್ನುತ್ತಾರೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳಿಸುತ್ತದೆ, ಪಕ್ಕದ ಬೀದಿಯಲ್ಲಿ ಯಾರಾದರೂ ನಮ್ಮ ಹೆಸರೆತ್ತಿ ಆಡಿಕೊಂಡರೆ ಅದಂತೂ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಗಾಡಿಯೊಳಗಿಂದ ಬರುವ ಸದ್ದು ಮಾತ್ರ ಕೇಳಿಸುವುದಿಲ್ಲ. ಕೇಳಿಸಿದರೆ ಗ್ಯಾರೇಜಿಗೆ ಹೋಗಬೇಕಾಗುತ್ತದೆ ನೋಡಿ, ಅದಕ್ಕೇ. ಈ ಕಿವುಡಿನಲ್ಲಿ ನನ್ನನ್ನು ಮೀರಿಸುವವರು ಹರದನಹಳ್ಳಿಯಲ್ಲಿ ಇಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ.

ನನ್ನದು ಚಂದಕವಾಡಿಯಲ್ಲಿ ಒಂದು ಗೊಬ್ಬರದ ಅಂಗಡಿ. ಮನೆ ಹರದನಹಳ್ಳಿ. ನಡುವೆ ಓಡಾಡುವುದಕ್ಕೂ ಮೂಟೆ ಸಾಗಿಸುವುದಕ್ಕೂ ಒಂದು ಪಿಕಪ್ಪು. ಅದರ ಬಣ್ಣ ಬಿಳಿ ಎಂದು ಆರ್.ಸಿ. ಪುಸ್ತಕದಲ್ಲಿದೆ, ನಾವೂ ನಂಬಿಕೊಂಡು ಬಂದಿದ್ದೇವೆ. ಎಡಗಡೆಯ ಕಿಟಕಿ ಗಾಜು ಅರ್ಧಕ್ಕೆ ಇಳಿದು ಸುಮಾರು ವರ್ಷಗಳಿಂದ ಅಲ್ಲೇ ಕೂತಿದೆ. ಈ ಗಾಡಿ ಗೊಬ್ಬರ ಮಾತ್ರ ಹೊರುವುದಿಲ್ಲ. ಊರಿನವರ ಅರಿಶಿನ, ಬಾಳೆಗೊನೆ, ಮದುವೆಮನೆಯ ಪಾತ್ರೆ, ಪಾತ್ರೆಯ ಮೇಲೆ ಕೂತ ನೆಂಟರು, ಎಲ್ಲವನ್ನೂ ಹೊತ್ತಿದೆ. ಬೇಡ ಅನ್ನುವ ಅಭ್ಯಾಸ ಅದಕ್ಕೂ ಇಲ್ಲ, ನನಗೂ ಇಲ್ಲ. ಇಬ್ಬರೂ ಸವೆದದ್ದು ಹಾಗೆಯೇ ಇರಬೇಕು.

ಹಿಂದಿನಿಂದ ಗೊಂಯ್ ಎಂಬ ಸದ್ದು ಶುರುವಾದಾಗ ನಾನು ತಪ್ಪನ್ನು ಮೊದಲು ಟಯರಿನ ಮೇಲೆ ಹಾಕಿದೆ. ಆಮೇಲೆ ರಸ್ತೆಯ ಮೇಲೆ. ಹೊಸದಾಗಿ ಡಾಂಬರು ಹಾಕಿದಾಗ ಅದು ನಯವಾಗಿರುವುದರಿಂದ ಸದ್ದು ಎಂದೆ, ಡಾಂಬರು ಕಿತ್ತುಹೋದ ಮೇಲೆ ಕಿತ್ತುಹೋದದ್ದರಿಂದ ಸದ್ದು ಎಂದೆ. ನನ್ನ ಹೆಂಡತಿ ನಾಗಮಣಿ ಇದನ್ನೆಲ್ಲ ಒಪ್ಪಲಿಲ್ಲ. "ನಿಮ್ ಗಾಡಿ ಅಳ್ತದೆ ಕಣ್ರೀ. ಎರಡು ಬೀದಿ ಆಚೆ ಇದ್ರೂ ಗೊತ್ತಾಯ್ತದೆ, ನೀವು ಬಂದ್ರಿ ಅಂತ ತಟ್ಟೆ ಮಡಗ್ತೀನಿ" ಅನ್ನುತ್ತಿದ್ದಳು. ಬಿಸಿಬಿಸಿ ಊಟ ಸಿಗುತ್ತಿತ್ತಲ್ಲ, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಮಗಳನ್ನು ಹೆರಿಗೆಗೆ ಕರೆತರುವ ದಿನ ಬಂತು. ನಮ್ಮ ಭಾಗ್ಯಳನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದೇವೆ. ಅವರದು ಈರುಳ್ಳಿ ಮಂಡಿ, ಒಳ್ಳೆಯ ಜನ. ಚೊಚ್ಚಲು, ಏಳು ತುಂಬಿತ್ತು. ಸೋಮವಾರ ಒಳ್ಳೆಯ ದಿನ ಎಂದು ಬೀಗರು ಹೇಳಿ ಕಳಿಸಿದರು. ಕಾರು ಮಾಡಿಕೊಂಡು ಹೋಗಿ ಕರೆತರುವುದೆಂದು ನಾನೂ ನಾಗಮಣಿಯೂ ಮಾತಾಡಿಕೊಂಡೆವು. ಅಷ್ಟರಲ್ಲಿ ಭಾಗ್ಯಳ ಫೋನು. "ಅಪ್ಪಾಜಿ, ಕಾರು ಗೀರು ಬ್ಯಾಡ. ಕಾರಿನ್ ವಾಸ್ನೆಗೆ ನಂಗೆ ವಾಂತಿ ಬತ್ತದೆ. ನಮ್ ಗಾಡೀನೇ ತಕ್ಕೊಂಡ್ ಬಾ. ಕಿಟ್ಕಿ ಕಡೆ ಕೂತ್ಕಂಡ್ರೆ ಆರಾಮಾಗಿ ಬತ್ತೀನಿ." ಕಾಲೇಜಿಗೆ ಹೋಗುವಾಗ ದಿನಾ ಅದೇ ಸೀಟಿನಲ್ಲಿ, ಆ ಅರ್ಧ ಇಳಿದ ಗಾಜಿನ ಪಕ್ಕ ಕೂತು ಹೋದವಳು ಅವಳು. ನನಗೆ ಎದೆಯುಬ್ಬಿತು. ಇಡೀ ಗುಂಡ್ಲುಪೇಟೆಯ ಕಾರುಗಳನ್ನು ಬಿಟ್ಟು ನನ್ನ ಗಾಡಿಯನ್ನು ಕೇಳುತ್ತಿದ್ದಾಳಲ್ಲ!

ನಾಗಮಣಿ ಒಂದೇ ಮಾತು ಹೇಳಿದಳು. "ಕರ್ಕಬನ್ನಿ, ನಾ ಬ್ಯಾಡ ಅನ್ನಕಿಲ್ಲ. ಆದ್ರೆ ಆ ಅಳೋ ಗಾಡೀಲಿ ನನ್ ಮಗಳ ಕೂರ್ಸಕೆ ನಾ ಬುಡಕಿಲ್ಲ." ಅಷ್ಟು ಹೇಳಿ ರಾಗಿ ಬೀಸಿಸಲು ಹೊರಟುಹೋದಳು. ನನ್ನ ಕಿವುಡು ವಾಸಿಯಾದದ್ದು ಆಗಲೇ. ಅಂದು ಸಂಜೆ ಅಂಗಡಿಯಿಂದ ಬರುವಾಗ ದಾರಿಯುದ್ದಕ್ಕೂ ಆ ಗೊಂಯ್ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಚಾಮರಾಜನಗರದ ನನ್ನ ಖಾಯಂ ಮೆಕ್ಯಾನಿಕ್ ತಂಗಿಯ ಮದುವೆ ಓಡಾಟದಲ್ಲಿದ್ದ. ಮುಂದಿನ ವಾರ ಬಿಡಿ ಸಾರ್ ಎಂದ. ಮುಂದಿನ ವಾರಕ್ಕೆ ಸೋಮವಾರ ಕಳೆದುಹೋಗಿರುತ್ತಿತ್ತು. ಬೇರೆ ಗ್ಯಾರೇಜಿಗೆ ಕೊಡೋಣವೆಂದರೆ ಧೈರ್ಯ ಬರಲಿಲ್ಲ. ಹೊಸ ಮೆಕ್ಯಾನಿಕ್ ಈ ಗಾಡಿಯನ್ನು ನೋಡಿದರೆ ಒಂದು ಸದ್ದಿಗೆ ನಿಲ್ಲಿಸುತ್ತಾನೆಯೇ? ಬಾನೆಟ್ ಎತ್ತಿದರೆ ನನ್ನ ಮರ್ಯಾದೆಯೇ ಹೋಗುತ್ತದೆ. ಹೀಗೆ ನಾನು ಜಗುಲಿಯ ಮೇಲೆ ಚಿಂತೆ ಮಾಡುತ್ತಾ ಕೂತಿದ್ದಾಗ ಎದುರುಮನೆಯ ಗುರುಮಲ್ಲಣ್ಣ ಬಂದ. ವರಸೆಯಲ್ಲಿ ನನಗೆ ಅಣ್ಣ. ವಯಸ್ಸಿದ್ದಾಗ ಗುಂಡ್ಲುಪೇಟೆಯಿಂದ ಕೋಝಿಕ್ಕೋಡಿಗೆ ತರಕಾರಿ ಲಾರಿ ಓಡಿಸಿದವನು. ಈಗಲೂ ಸಿಟ್ಟು ಬಂದರೆ ಮಲಯಾಳದಲ್ಲೇ ಬೈಯುತ್ತಾನೆ. ಗಾಡಿಯ ಹಿಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿಸಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಚಕ್ರ ಲಟಕ್ ಲಟಕ್ ಎಂದು ಆಡಿತು. "ಲೋ ಮಾದೇವ, ಬೇರಿಂಗ್ ಓಗ್ಬುಟ್ಟದೆ ಕಣ್ಲಾ. ಇಂಗೇ ಓಡಿಸ್ತಿದ್ರೆ ಒಂದಿನ ಚಕ್ರ ನಿನ್ಕಿಂತ ಮುಂಚೆ ಊರು ಸೇರ್ಕತ್ತದೆ" ಎಂದ. ಮೆಕ್ಯಾನಿಕ್ ಸಿಗುವುದಿಲ್ಲವಲ್ಲ ಅಣ್ಣ ಎಂದೆ. "ಯಾಕ್ಲಾ, ನಾ ಸತ್ತೋಗಿದ್ದೀನಾ? ಸಾಮಾನು ತಂದ್ಬುಡು. ಇಲ್ಲೇ ಮಾಡ್ಬುಡನ."

ಹೀಗೆ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಚಪ್ಪಡಿಯ ಮೇಲೆ ಕೆಲಸ ಶುರುವಾಯಿತು. ಮಾಡುವವನು ನಾನು, ಹೇಳುವವನು ಗುರುಮಲ್ಲಣ್ಣ. ಅವನಿಗೆ ಬಗ್ಗಲು ಸೊಂಟ ಬಿಡುವುದಿಲ್ಲ, ಆದ್ದರಿಂದ ಕುರ್ಚಿ ಹಾಕಿಸಿಕೊಂಡ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಗಟ್ಟಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ತೆಗೆದು, ಒಳಗಿನ ಬೋಲ್ಟುಗಳನ್ನು ಸಡಿಲಿಸುವ ಹೊತ್ತಿಗೆ ನನ್ನ ಅಂಗಿ ಗಾಡಿಯ ಬಣ್ಣಕ್ಕೇ ಬಂದಿತ್ತು. ಆಮೇಲೆ ಚಕ್ರವನ್ನು ತಿರುಗಿಸುವ ಆಕ್ಸಲ್ ರಾಡನ್ನು ಹೊರಗೆ ಎಳೆಯಬೇಕು. ಬೇರಿಂಗು ಕೂತಿರುವುದು ಅದರ ಮೇಲೆ. ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಎಳೆದೆ, ಬರಲಿಲ್ಲ. ಗುರುಮಲ್ಲಣ್ಣ ಕೋಝಿಕ್ಕೋಡ್ ಘಾಟಿಯಲ್ಲಿ ಅವನ ಲಾರಿ ಕೆಟ್ಟ ಕಥೆ ತೆಗೆದ. ಕಥೆ ಘಾಟಿ ಇಳಿಯುವಷ್ಟರಲ್ಲಿ ರಾಡು ಏಕಾಏಕಿ ಬಿಟ್ಟುಕೊಂಡಿತು. ನಾನು ರಾಡನ್ನು ಮಗುವಿನ ಹಾಗೆ ತಬ್ಬಿಕೊಂಡು ಮಲ್ಲಿಗೆ ಗಿಡದ ಮೇಲೆ ಅಂಗಾತ ಬಿದ್ದೆ. "ನೋಡ್ದಾ, ತಾಳ್ಮೆ ಇದ್ರೆ ಎಲ್ಲ ಬತ್ತದೆ" ಎಂದ ಗುರುಮಲ್ಲಣ್ಣ.

ಹಳೇ ಬೇರಿಂಗನ್ನು ಒಡೆದು ತೆಗೆದಾಗ ಮಾತ್ರ ಗುರುಮಲ್ಲಣ್ಣ ಕುರ್ಚಿಯಿಂದ ಎದ್ದು ಬಂದ. ಒಳಗಿನ ಗುಂಡುಗಳು ನೀಲಿಗಟ್ಟಿದ್ದವು, ಅವನ್ನು ಹಿಡಿದಿಡುವ ತಗಡು ಪುಡಿಪುಡಿಯಾಗಿತ್ತು. ಒಂದೆರಡು ಗುಂಡು ಉರುಳಿ ಚಪ್ಪಡಿಯ ಸಂದಿಗೆ ಸೇರಿಕೊಂಡವು. ನಾಗಮಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೋದ ವಾರವಷ್ಟೇ ಇದೇ ಗಾಡಿಯಲ್ಲಿ ಊರಿನ ಅರ್ಧ ಹೆಂಗಸರನ್ನು ನಾಮಕರಣಕ್ಕೆ ಕರೆದುಕೊಂಡು ಹೋಗಿ ಬಂದಿದ್ದೆ. ಅವರೆಲ್ಲ ಹಿಂದೆ ಕೂತು ಹಾಡು ಹೇಳುತ್ತಿದ್ದರು, ಅವರ ಕೆಳಗೆ ಇದು ಹೀಗಿತ್ತು. ಇಷ್ಟು ದಿನ ಈ ಗಾಡಿ ಅಳುತ್ತಿರಲಿಲ್ಲ, ಕೂಗಿ ಹೇಳುತ್ತಿತ್ತು. ಕೇಳದಿದ್ದರೂ ಕೈಬಿಡದೆ ಎಲ್ಲರನ್ನೂ ಮನೆ ಸೇರಿಸಿತ್ತು. ಆ ಗ್ರೀಸು ಮೆತ್ತಿದ ಕಬ್ಬಿಣಕ್ಕೆ ಕೈಮುಗಿಯಬೇಕು ಅನ್ನಿಸಿತು, ಗುರುಮಲ್ಲಣ್ಣ ನಗುತ್ತಾನೆಂದು ಸುಮ್ಮನಾದೆ. ನಾಗಮಣಿ ಒಳಗೆ ಹೋಗಿ ಮಾದಪ್ಪನ ಫೋಟೋ ಮುಂದೆ ದೀಪ ಹಚ್ಚಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊಸ ಬೇರಿಂಗು ರಾಡಿನ ಮೇಲೆ ಹೇಗೋ ಕೂತಿತು. ಅದು ಜಾರದ ಹಾಗೆ ಹಿಡಿದಿಡುವುದಕ್ಕೆ ಹಿಂದೆ ಒಂದು ಉಕ್ಕಿನ ರಿಂಗು ಬರುತ್ತದೆ. ಅದು ಎಷ್ಟು ಬಿಗಿ ಎಂದರೆ ತಣ್ಣಗಿದ್ದಾಗ ರಾಡಿಗೆ ಹತ್ತುವುದೇ ಇಲ್ಲ. ಬಿಸಿ ಮಾಡಿದರೆ ಒಂದು ಕೂದಲೆಳೆಯಷ್ಟು ಹಿಗ್ಗುತ್ತದೆ, ಆಗ ಹಾಕಿಬಿಡಬೇಕು. ಬೆಂಕಿಗೆ ಹಿಡಿದರೆ ಕೆಟ್ಟುಹೋಗುತ್ತದಂತೆ. "ಕಾದ ಎಣ್ಣೇಲಿ ಬುಡ್ಬೇಕು ಕಣ್ಲಾ" ಎಂದು ಗುರುಮಲ್ಲಣ್ಣ ಮೂಗು ಮೇಲೆತ್ತಿದ. ನಾನೂ ಮೂಗು ಮೇಲೆತ್ತಿದೆ. ಅಡುಗೆಮನೆಯಿಂದ ಘಮ್ಮೆಂದು ವಾಸನೆ ಬರುತ್ತಿತ್ತು. ಬೀಗರ ಮನೆಗೆ ಒಯ್ಯಲು ನಾಗಮಣಿ ಕೋಡುಬಳೆ ಕರಿಯುತ್ತಿದ್ದಳು.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಾನು ವಿಷಯ ಅರಿಕೆ ಮಾಡಿಕೊಂಡ ರೀತಿಯಲ್ಲಿ ಮದುವೆಗೆ ಮೊದಲು ಅವಳ ಅಪ್ಪನ ಮುಂದೆಯೂ ನಿಂತಿರಲಿಲ್ಲ. ಸ್ನಾನ ಮಾಡಿ ಮಡಿಯಲ್ಲಿ ಕರಿಯುತ್ತಿರುವ ಬಾಣಲೆಗೆ ಗಾಡಿಯ ಸಾಮಾನು! ಅವಳು ಜಾಲರಿ ಸೌಟು ಎತ್ತಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಯಾಕೆ, ಊರ್ಲಿ ಎಲ್ಲೂ ಎಣ್ಣೆ ಇಲ್ವಾ?" ಎಂದಳು. ಆಮೇಲೆ ಚಪ್ಪಡಿಯ ಕಡೆ ನೋಡಿದಳು. ಏನು ನೆನೆದಳೋ, ದನಿ ಇಳಿಯಿತು. "ಇದ ಆಕ್ದೇ ಇದ್ರೆ ಚಕ್ರ ಕಳಚ್ಕತ್ತದಾ?" ಹೌದು ಎಂದೆ. "ಕೋಡುಬಳೆ ಮುಗೀಲಿ. ಅಷ್ಟೊತ್ಗೆ ಅದ ಸೀಗೆಪುಡಿ ಆಕಿ ತೊಳ್ಕಬನ್ನಿ."

ತೊಳೆದು, ಒರೆಸಿ, ತಂದು ಕೊಟ್ಟೆ. ಅವಳು ರಿಂಗನ್ನು ತಿರುಗಿಸಿ ನೋಡಿ, ಒಂದು ಬೊಟ್ಟು ವಿಭೂತಿ ಇಟ್ಟು, ಎಣ್ಣೆ ಹದಕ್ಕೆ ಬಂದಿದೆಯೇ ಎಂದು ಮಿಕ್ಕಿದ್ದ ಹಿಟ್ಟಿನ ಚೂರು ಬಿಟ್ಟು ಪರೀಕ್ಷೆ ಮಾಡಿ, ಬದಿಯಿಂದ ಮೆಲ್ಲಗೆ ಜಾರಿಸಿದಳು. ಉಕ್ಕಿನ ಕೋಡುಬಳೆ ತಳ ಹಿಡಿದು ಕೂತಿತು. ನಾವಿಬ್ಬರೂ ಬಾಣಲೆಯೊಳಗೆ ಬಗ್ಗಿ ನೋಡುತ್ತಾ ನಿಂತೆವು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಪಾತ್ರೆಯಲ್ಲಿ ಇಷ್ಟು ಶ್ರದ್ಧೆಯಿಂದ ಇಣುಕಿದ್ದು ಅಂದೇ. ಸ್ವಲ್ಪ ಹೊತ್ತಾದ ಮೇಲೆ "ಸಾಕು, ಬೆಂದದೆ" ಎಂದಳು. ಉಕ್ಕು ಬೆಂದದ್ದು ಹೇಗೆ ಗೊತ್ತಾಯಿತೆಂದು ಕೇಳುವ ಸಮಯ ಅದಲ್ಲ. ಇಕ್ಕಳದಲ್ಲಿ ಹಿಡಿದುಕೊಂಡು, ನಡುಮನೆಯುದ್ದಕ್ಕೂ ಎಣ್ಣೆ ತೊಟ್ಟಿಕ್ಕಿಸಿಕೊಂಡು ಓಡಿದೆ. "ಓಡ್ಲಾ ಮಾದೇವ, ಆರೋಯ್ತದೆ!" ಎಂದು ಗುರುಮಲ್ಲಣ್ಣ ಕುರ್ಚಿಯಿಂದಲೇ ಕೂಗುತ್ತಿದ್ದ. ರಿಂಗು ರಾಡಿನ ಮೇಲೆ ಸರ್ರನೆ ಇಳಿದು ಬೇರಿಂಗಿಗೆ ತಾಕಿ ಟಣ್ ಎಂದಿತು. ಅಂಥ ಸೊಗಸಾದ ಸದ್ದನ್ನು ನನ್ನ ಗಾಡಿ ಅದಕ್ಕೆ ಮುಂಚೆ ಮಾಡಿರಲಿಲ್ಲ. ಇನ್ನೊಂದು ಚಕ್ರದ್ದೂ ಹಾಗೆಯೇ ಆಯಿತು. ಹದ ನೋಡಲು ಬಿಟ್ಟಿದ್ದ ಹಿಟ್ಟಿನ ಚೂರು ರಿಂಗಿನ ಜೊತೆಯಲ್ಲೇ ಕರಿದು ಕೆಂಪಾಗಿತ್ತು. ಅದನ್ನು ಗುರುಮಲ್ಲಣ್ಣ ಬಾಯಿಗೆ ಹಾಕಿಕೊಂಡು, "ಒಸಿ ಗ್ರೀಸ್ ವಾಸ್ನೆ ಬತ್ತದೆ. ಆದ್ರೂ ಚೆನ್ನಾಗದೆ ಕಣವ್ವ" ಎಂದು ತೀರ್ಪು ಕೊಟ್ಟ.

ಭಾನುವಾರ ಚಂದಕವಾಡಿಯವರೆಗೆ ಓಡಿಸಿ ನೋಡಿದೆ. ಸದ್ದೇ ಇಲ್ಲ. ಸಂತೋಷವಾಗಬೇಕಿತ್ತು, ನನಗೆ ಭಯವಾಯಿತು. ಮೊದಲಾದರೆ ಕೂಗಿ ಹೇಳುತ್ತಿತ್ತು, ಈಗ ಏನಾದರೂ ಆದರೆ ಹೇಳುವವರು ಯಾರು? ಬೋಲ್ಟು ಬಿಗಿ ಮಾಡಿದವನು ನಾನು. ನನ್ನ ಕೈಕೆಲಸದ ಗುಣಮಟ್ಟ ನನಗೆ ಗೊತ್ತು. ನಾನು ಹೊಡೆದ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದರೆ ಯುಗಾದಿಯವರೆಗೆ ನಿಲ್ಲುವುದಿಲ್ಲ. ಅಂಥ ಕೈಯನ್ನು ನಂಬಿ ಬಸುರಿ ಮಗಳನ್ನು ಕೂರಿಸುವುದೇ? ಕಡೆಗೆ ಯಾರಿಗೂ ಹೇಳದೆ, ಗಾಡಿಯ ಜೊತೆಗೆ ಅದೂ ಬರಲಿ, ಮಗಳು ಅದರಲ್ಲಿ ಕೂತರೂ ಕೂರಲಿ ಎಂದು ಒಂದು ಕಾರು ಗೊತ್ತು ಮಾಡಿದೆ. ನಾಗಮಣಿ ಕೇಳಿದಾಗ, ನೀನು ಕೋಡುಬಳೆ ಡಬ್ಬ ಇಟ್ಟುಕೊಂಡು ಆರಾಮಾಗಿ ಬಾ ಅಂತ ಎಂದೆ. ಅವಳು ಡಬ್ಬ ತುಂಬಲು ಹೋದಳು.

ಗುಂಡ್ಲುಪೇಟೆಯಲ್ಲಿ ಬೀಗರು ಭಾಗ್ಯಳಿಗೆ ಮಡಿಲು ತುಂಬಿ ಕಳಿಸಿಕೊಟ್ಟರು. ಮಗಳು ಹೊರಗೆ ಬಂದಳು, ಬಾಗಿಲು ತೆಗೆದು ನಿಂತಿದ್ದ ಕಾರನ್ನು ನೋಡಿದಳು, ನೇರ ಪಿಕಪ್ಪಿನ ಹತ್ತಿರ ಹೋಗಿ "ಅಪ್ಪಾಜಿ, ಒಸಿ ಕೈ ಕೊಡು" ಎಂದಳು. ಕೈ ಕೊಟ್ಟೆ. ಹತ್ತಿ ಕೂತು, ಅರ್ಧ ಗಾಜಿನ ಮೇಲೆ ಮೊಣಕೈ ಇಟ್ಟಳು. ನಾಗಮಣಿ, ಆರತಿಗೆ ಅಣಿ ಮಾಡುತ್ತೇನೆಂದು ಕಾರಿನಲ್ಲಿ ಮುಂದೆ ಹೋದಳು.

ನಾನು ಹೊರಟೆ. ಹೊರಟೆ ಅನ್ನುವುದು ದೊಡ್ಡ ಮಾತು. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವನು ನಮ್ಮನ್ನು ದಾಟಿ ಹೋದ. ತೆರಕಣಾಂಬಿ ಬರುವಷ್ಟರಲ್ಲಿ ಅದೂ ಇದೂ ನೆಪ ಹೇಳಿ ಎಷ್ಟೋ ಸಲ ಇಳಿದು ಹಿಂದಿನ ಚಕ್ರದ ನಡುವನ್ನು ಕೈಯಿಂದ ಮುಟ್ಟಿ ನೋಡಿದೆ. ಬಿಸಿಯಾಗಿದ್ದರೆ ಕೆಲಸ ಕೆಟ್ಟಿದೆ ಎಂದು ಗುರುಮಲ್ಲಣ್ಣ ಹೇಳಿದ್ದ. ಭಾಗ್ಯ ಮಾತಾಡುತ್ತಾ ಆಡುತ್ತಾ ಹಾಗೇ ನಿದ್ದೆಹೋದಳು. ಅಕ್ಕಪಕ್ಕ ಸೂರ್ಯಕಾಂತಿ ಹೊಲ, ಗಾಜಿನಿಂದ ಗಾಳಿ, ತಲೆ ಸೀಟಿಗೆ ಒರಗಿ ಮೆಲ್ಲಗೆ ಆಡುತ್ತಿತ್ತು. ಕಾಲೇಜಿನ ದಿನಗಳಲ್ಲಿ ಈ ಸೀಟಿನಲ್ಲಿ ಅವಳು ಒಂದು ದಿನವೂ ನಿದ್ದೆಮಾಡಿದ್ದಿಲ್ಲ, ಅಷ್ಟು ಸದ್ದು. ತೆರಕಣಾಂಬಿ ದಾಟಿದ ಮೇಲೆ ಒಂದು ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿ, ಇಳಿದು, ಎರಡೂ ಚಕ್ರ ಮುಟ್ಟಿದೆ. ಎರಡೂ ತಣ್ಣಗಿದ್ದವು. ಆಗ ಇದ್ದಕ್ಕಿದ್ದಂತೆ ನನ್ನ ಮೊಣಕಾಲಿನಲ್ಲಿ ಬಲವೇ ಇಲ್ಲದಂತಾಯಿತು. ಮರದ ಬುಡದಲ್ಲಿ ಕುಸಿದು ಕೂತೆ. ಎದ್ದರೆ ಕಾಲು ನಡುಗುತ್ತದೆ, ಕೂತರೆ ಕಣ್ಣು ತುಂಬುತ್ತದೆ. ಮಾದಪ್ಪನಿಗೆ, ಗುರುಮಲ್ಲಣ್ಣನಿಗೆ, ಆ ಬಾಣಲೆಗೆ, ಸೌಟು ಎತ್ತಿ ಇಳಿಸಿದ ನಾಗಮಣಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ. ಗಾಡಿ ಓಡಿಸುವ ಶಕ್ತಿ ಮಾತ್ರ ಬರಲಿಲ್ಲ.

ಅಷ್ಟು ಹೊತ್ತಿಗೆ ಮನೆಯಲ್ಲಿ ಆರತಿ ತಟ್ಟೆ ಹಿಡಿದು ಕಾದು ಕಾದು, ಚಕ್ರ ಕಳಚಿಯೇಬಿಟ್ಟಿದೆ ಎಂದುಕೊಂಡು ನಾಗಮಣಿ ಅದೇ ಕಾರು ತಿರುಗಿಸಿಕೊಂಡು ಬಂದಳು. ಇಳಿದವಳೇ ಮೊದಲು ಚಕ್ರ ನೋಡಿದಳು, ಆಮೇಲೆ ಗಾಜಿನೊಳಗೆ ಇಣುಕಿದಳು. ಮಗಳು ಹಾಯಾಗಿ ಮಲಗಿದ್ದಳು. ನಾನು ಮರದ ಕೆಳಗೆ ಸುಮ್ಮನೆ ಕೂತಿದ್ದೆ. ಅವಳ ಮುಖ ಮೆತ್ತಗಾಯಿತು. "ಮಗಿ ಮಲ್ಕಂಡದೆ, ಎದ್ಬುಡ್ತದೆ ಅಂತ ಗಾಡಿ ನಿಲ್ಲಿಸ್ಕಂಡು ಕೂತಿದ್ದೀರಾ?" ಎಂದು ಪಿಸುದನಿಯಲ್ಲಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಬಾಣಂತಿ ನೋಡಲು ಬರುವ ನೆಂಟರಿಗೆಲ್ಲ ಅವಳು ಈ ಕಥೆ ಹೇಳುತ್ತಾಳೆ. ಹೆತ್ತ ಕರುಳೆಂದರೆ ಹೆಂಗಸರದ್ದು ಮಾತ್ರವಲ್ಲ, ನಮ್ಮ ಯಜಮಾನರನ್ನು ನೋಡಿ ಅನ್ನುತ್ತಾಳೆ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನನ್ನ ಬಗ್ಗೆ ಬಂದ ಒಳ್ಳೆಯ ಮಾತು ಇದೊಂದೇ. ಬಂದವರು ನನ್ನ ಕಡೆ ಗೌರವದಿಂದ ನೋಡುತ್ತಾರೆ. ನಾನು ತಲೆ ತಗ್ಗಿಸಿ, ಕಾಲು ನಡುಗಿದ ವಿಷಯ ಬಾಯಿಗೆ ಬರದ ಹಾಗೆ ಇನ್ನೊಂದು ಕೋಡುಬಳೆ ಬಾಯಿಗೆ ಹಾಕಿಕೊಳ್ಳುತ್ತೇನೆ.