ಎವರೆಟ್ ತಪ್ಪಿಲ್ಲದೆ ಆಡಿದ ಮಾತು

ಶನಿವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಮೆರಿಕದ ಸೇಂಟ್ ಪಾಲ್ ನಗರದ ತನ್ನ ಮನೆಯ ಬಚ್ಚಲಲ್ಲಿ ಎವರೆಟ್ ಬಾಯೊಳಗೆ ಟಾರ್ಚ್ ಬೆಳಕು ಬಿಟ್ಟುಕೊಂಡು, ಕನ್ನಡಿಯಲ್ಲಿ ನಾಲಿಗೆಯ ನಡವಳಿಕೆಯನ್ನು ತನಿಖೆ ಮಾಡುತ್ತಿದ್ದ.

"ಇವತ್ತು ಮಗುವನ್ನ ನಿಮ್ಮ ಹ್ಮಾಂಗ್ ಭಾಷೇಲೇ ಹರಸ್ತೀನಿ, ನೋಡ್ತಿರು!" ಎಂದು ಹೆಂಡತಿ ಬ್ಲಿಯಾಳಿಗೆ ಘೋಷಿಸಿದ.

"ಮಗು ಕೈಗೆ ದಾರ ಕಟ್ಟಿ ಸುಮ್ನೆ ಕೂತ್ಕೋ. ಅಮ್ಮ ಮೊದಲೇ ಹೆದರಿದಾಳೆ."

ಹೆದರಿಕೆಗೆ ಕಾರಣವಿತ್ತು. ಬ್ಲಿಯಾಳ ಅಣ್ಣ ಸೆಂಗ್‌ನ ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬಂದರೂ ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಅದರ ಆತ್ಮ ಇನ್ನೂ ದಾರಿಯಲ್ಲೇ ಇದೆ, ಕರೆದು ತರಬೇಕು ಎಂದು ಎವರೆಟ್‌ನ ಅತ್ತೆ ನಿರ್ಧರಿಸಿದ್ದರು.

ಹ್ಮಾಂಗ್ ಭಾಷೆಯಲ್ಲಿ ದನಿಯ ಏರಿಳಿತ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಇಂಗ್ಲಿಷಿನಲ್ಲೇ ಬೆಳೆದ ಎವರೆಟ್‌ನ ಗಂಟಲಿಗೆ ಪ್ರಶ್ನೆಗೆ ಏರುವುದು, ಬೇಸರಕ್ಕೆ ಇಳಿಯುವುದು, ಇವೆರಡೇ ಗೊತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಹ್ಮಾಂಗ್‌ನಲ್ಲಿ ಏನು ಹೇಳಿದರೂ ಅತ್ತೆ ನಕ್ಕು, ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಿದ್ದರು.

ಸೆಂಗ್‌ನ ಮನೆಯಲ್ಲಿ ಅತ್ತೆ ತೆರೆದ ಬಾಗಿಲ ಬಳಿ ಅಕ್ಕಿ, ಮೊಟ್ಟೆ ಇಟ್ಟು ಆತ್ಮವನ್ನು ಕರೆದರು. ಆಮೇಲೆ, ಬಂದ ಆತ್ಮ ಮತ್ತೆ ಹೋಗದಿರಲೆಂದು, ಎಲ್ಲರೂ ಒಬ್ಬೊಬ್ಬರಾಗಿ ಮಗುವಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಎವರೆಟ್‌ನ ಸರದಿ ಬಂತು. ದಾರ ಕಟ್ಟಿ, ಉಸಿರೆಳೆದು ಹೇಳಿದ: "ಎಷ್ಟು ಚೆಲುವಾದ ಮಗು!"

ಒಂದು ಸ್ವರವೂ ತಪ್ಪಲಿಲ್ಲ!

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಅರ್ಥವಾಗಲಿಲ್ಲವೆಂದು ಎವರೆಟ್ ತಿಳಿದ. ತೆರೆದ ಬಾಗಿಲಿಗೆ ಮುಖ ಮಾಡಿ, ಬೀದಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದ.

"ಥೂ, ಕೋತಿಮೂತಿ!" ಎಂದರು ಅತ್ತೆ, ಮಗುವನ್ನು ಶಾಲಿನೊಳಗೆ ಎಳೆದುಕೊಂಡು. "ಒಣಗಿದ ಹೀರೆಕಾಯಿ!" ಎಂದ ಸೆಂಗ್.

"ಛೆ, ಹಾಗನ್ನಬೇಡಿ! ಚೆಲುವಾಗಿದೆ!" ಎಂದು ಎವರೆಟ್ ಮಗುವಿನ ಪರ ವಕಾಲತ್ತಿಗೆ ನಿಂತ.

ಬ್ಲಿಯಾ ಬಾಗಿಲು ಮುಚ್ಚಿ ಅವನ ಅಂಗಿ ಜಗ್ಗಿದಳು. "ಬಾಯಿ ಮುಚ್ಚೋ! ಚೆಲುವಾಗಿದೆ ಅಂತ ಕೇಳಿಸಿದ್ರೆ ಹೊರಗಿರೋ ಪಿಶಾಚಿಗಳು ಎತ್ಕೊಂಡು ಹೋಗ್ತಾವೆ. ಅಮ್ಮನ ಕೈ ನೋಡು."

ಅತ್ತೆಯ ಕೈ ಮಗುವಿನ ದಾರದ ಗಂಟುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು. ಎವರೆಟ್‌ನ ಹೆಮ್ಮೆ ಅಲ್ಲೇ ಇಳಿಯಿತು.

"ನಾನೇನು ಮಾಡ್ಲಿ, ಅತ್ತೆ?"

"ಬಾಗಿಲು ತೆಗಿ. ಮಗೂನ ನೀನೇ ಬೈಯಿ. ಅವಕ್ಕೆ ತಿಳಿಯೋ ಹಾಗೆ."

ಎವರೆಟ್ ಹೊಸ್ತಿಲಲ್ಲಿ ನಿಂತು ಬೈದ. ಅತ್ತೆ ತಲೆಯಾಡಿಸಿದರು: "ದನಿ ಇನ್ನೂ ಮೇಲೆ." ಮತ್ತೆ ಬೈದ. "ಕೆಳಗೆ!" ಒಳಗೆ ಕೋಳಿಸಾರು ಆರಿತು. ಎದುರುಮನೆಯವರು ಕಿಟಕಿ ತೆರೆದರು. ಕೊನೆಗೆ ಬೆವರೊರೆಸಿಕೊಳ್ಳುತ್ತ, ಆ ಕಂದನಿಗೆ ಅಚ್ಚ ಹ್ಮಾಂಗ್ ಬೈಗುಳವೊಂದನ್ನು ಸಲ್ಲಿಸಿದ.

"ಈಗ ಸರಿ," ಎಂದರು ಅತ್ತೆ.

ಸೆಂಗ್‌ನ ಹೆಂಡತಿ ಮಗುವಿನ ಬಾಯಿಗೆ ಬಾಟಲಿ ಹಿಡಿದಳು. ಮಗು ಚೀಪಿತು; ಮತ್ತೆ ಚೀಪಿತು. ಆಗ ಅತ್ತೆ ಕುರ್ಚಿಯಲ್ಲಿ ಕುಸಿದು ಕೂತರು. ಅಳಿಯನ ಆತ್ಮವೂ ಬೆಚ್ಚಿರಬಹುದೆಂದು ಅವನ ಮಣಿಕಟ್ಟಿಗೂ ಒಂದು ದಾರ ಕಟ್ಟಿದರು.

"ಭಾವ, ನಮ್ಮ ಭಾಷೆ ಪೂರ್ತಿ ಕಲಿಯೋಕೆ ಎಷ್ಟು ದಿನ ಬೇಕಾಗುತ್ತೆ?" ಎಂದು ಸೆಂಗ್ ಕೆಣಕಿದ.

ಎವರೆಟ್ ಆರಿದ ಸಾರಿಗೆ ಅನ್ನ ಕಲಸತೊಡಗಿದ. ಬ್ಲಿಯಾಳೇ ಉತ್ತರಿಸಿದಳು:

"ಮದುವೆ ದಿನ ಎಲ್ಲರೆದುರು ಎದ್ದು ನಿಂತು ಹೇಳಿದ್ದ, ಆರು ವಾರ ಅಂತ."